ಕಾಲು ತಗುಲಿದರೆ

ನಮ್ಮ ಟೇಕ್ವಾಂಡೋ ಹಾಲ್‌ಗೆ ಹೊಸದಾಗಿ ಸೇರಿದ ಹೆಂಗಸರು ಮೊದಲ ವಾರದಲ್ಲೇ ಒಂದು ತಪ್ಪು ಮಾಡುತ್ತಿದ್ದರು. ಎಲ್ಲರದೂ ಅದೇ ತಪ್ಪು. ಎದುರಿಗಿದ್ದವಳ ಎದೆಗವಚಕ್ಕೆ ಒಂದು ಒದೆ ಬಿತ್ತು ಅನ್ನಿ, ಒದ್ದವಳು ತಕ್ಷಣ ಬಗ್ಗಿ, ಒದೆ ತಿಂದವಳನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡುಬಿಡುತ್ತಿದ್ದಳು. ಪುಸ್ತಕಕ್ಕೆ ಕಾಲು ತಗುಲಿದರೆ, ಪಕ್ಕದಲ್ಲಿ ಕೂತವರಿಗೆ ತಗುಲಿದರೆ ಚಿಕ್ಕಂದಿನಿಂದ ನಾವೆಲ್ಲ ಮಾಡುವುದು ಅದನ್ನೇ ತಾನೆ? ಯಾರೂ ಯೋಚನೆ ಮಾಡಿ ಮಾಡುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಟೇಕ್ವಾಂಡೋದಲ್ಲಿ ಆ ಕೈ ಕೆಳಗೆ ಹೋದ ಗಳಿಗೆಯಲ್ಲಿ ಮುಖ ಬಯಲಾಗುತ್ತದೆ. ಎದುರಿನವಳು ಕಲಿತವಳಾಗಿದ್ದರೆ ಹಲ್ಲು ಹೋಗುತ್ತದೆ.

ಆ ಅಭ್ಯಾಸ ಬಿಡಿಸುವುದು ನನ್ನ ಕೆಲಸವಾಗಿತ್ತು. ಕುವೆಂಪುನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಹಾಲ್ ಇತ್ತು. ಹೆಂಗಸರ ಬ್ಯಾಚಿಗೆ ನಾನು ಸಹಾಯಕ ಶಿಕ್ಷಕಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕರಾಟೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಆದರೂ ಬಿಳಿ ಬಟ್ಟೆ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವವರನ್ನು ಕಂಡರೆ ದಾರಿ ಬಿಡುತ್ತಿದ್ದರು.

ಹಾಲ್ ನಡೆಸುತ್ತಿದ್ದವರನ್ನು ನಾವೆಲ್ಲ ಮಾಸ್ಟರ್ ಎನ್ನುತ್ತಿದ್ದೆವು. ಅವರ ಹಾಲ್‌ನಲ್ಲಿ ಗೌರವವೇ ಮೊದಲ ಪಾಠ. ಒಳಗೆ ಕಾಲಿಡುವಾಗ ಗೋಡೆಯ ಮೇಲಿನ ಎರಡು ಬಾವುಟಗಳಿಗೆ, ನಮ್ಮ ದೇಶದ್ದೊಂದು, ಕೊರಿಯಾದ್ದೊಂದು, ಸೊಂಟ ಬಗ್ಗಿಸಿ ವಂದಿಸಬೇಕು. ಏನು ಕೊಟ್ಟರೂ ಏನು ತೆಗೆದುಕೊಂಡರೂ ಎರಡು ಕೈಯಲ್ಲಿ. ಮಾಸ್ಟರ್ ಮಾತಾಡುವಾಗ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿಲ್ಲ. ಪೆಟ್ಟಾದರೆ ಅವರಾಗಿ ಕೇಳುವವರೆಗೆ ನೋವು ಅನ್ನುವಂತಿಲ್ಲ. ತಪ್ಪಿದರೆ ಮೊಸಾಯಿಕ್ ನೆಲದ ಮೇಲೆ ಮೊಣಕಾಲೂರಿ ಎರಡೂ ಕೈ ಮೇಲೆತ್ತಿ ಕೂರಬೇಕು. "ಕೊರಿಯಾದಲ್ಲಿ ಹೀಗೇ" ಎನ್ನುವುದು ಅವರ ಮಾತು. ಕೊರಿಯಾಕ್ಕೆ ಅವರೂ ಹೋಗಿರಲಿಲ್ಲ, ನಾವೂ ಹೋಗಿರಲಿಲ್ಲ.

ಒಂದು ಸಲ ಪುಸ್ತಕವೊಂದರಲ್ಲಿ ಗುರು ಶಿಷ್ಯ ಇಬ್ಬರೂ ಒಬ್ಬರಿಗೊಬ್ಬರು ಬಗ್ಗಿರುವ ಚಿತ್ರ ನೋಡಿದೆ. ನಮ್ಮ ಮಾಸ್ಟರ್ ಯಾರ ವಂದನೆಗೂ ತಿರುಗಿ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ನನ್ನ ನಾಲಗೆ ಸುಮ್ಮನಿರಬೇಕಲ್ಲ, ಕೇಳಿಯೇಬಿಟ್ಟೆ. "ನೀವು ಮಾಸ್ಟರಾದಾಗ ನಿಮ್ಮ ಹಾಲ್‌ನಲ್ಲಿ ಎಷ್ಟು ಬೇಕಾದ್ರೂ ಬಗ್ಗಿ" ಎಂದರು. ಆ ಸಂಜೆಯೆಲ್ಲ ನನ್ನ ಬ್ಯಾಚಿನ ಹೆಂಗಸರ ಎದುರಿಗೇ ನನ್ನನ್ನು ಮೊಣಕಾಲ ಮೇಲೆ ಕೂರಿಸಿದರು. ಕೋಪ ನೆತ್ತಿಗೇರಿತ್ತು, ಆದರೆ ಎದ್ದು ಹೋಗಲಿಲ್ಲ. ಕಲಿಸುವ ಕೆಲಸ ನನಗೆ ಅಷ್ಟು ಬೇಕಾಗಿತ್ತು.

ಆ ವರ್ಷ ಕಪ್ಪು ಬೆಲ್ಟಿನ ಪರೀಕ್ಷೆಗೆ ನನ್ನ ಬ್ಯಾಚಿನಿಂದ ಹೊರಟವಳು ಒಬ್ಬಳೇ, ಹಿನಕಲ್‌ನ ಹುಡುಗಿ. ಇಪ್ಪತ್ತು ದಾಟಿದ್ದವಳು, ಆದರೂ ನಮಗೆಲ್ಲ ಹುಡುಗಿಯೇ. ಯಾದವಗಿರಿಯ ಒಂದು ಶಾಲೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಊಟದ ಡಬ್ಬಿ ತೊಳೆಯುವುದು. ಅಲ್ಲಿ ಆಟ ಕಲಿಸುವ ಟೀಚರ್ ಬಿಟ್ಟುಹೋಗಿದ್ದರು. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ಕಪ್ಪು ಬೆಲ್ಟ್ ತಂದರೆ ಆ ಜಾಗ ನಿನಗೆ, ತರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಹೆಡ್‌ಮಿಸ್ ಇವಳಿಗೆ ಹೇಳಿದ್ದರು.

"ಅಕ್ಕ, ಅಲ್ಲಿ ಎಲ್‌ಕೇಜಿ ಮಗೂನೂ ನನ್ನ 'ಏ ಬಾರೇ ಇಲ್ಲಿ' ಅಂತದೆ ಕಣಕ್ಕ. ದೊಡ್ಡೋರು ಅನ್ನೋದು ಕೇಳಿ ಕೇಳಿ ಅವೂ ಅಂಗೇ ಕಲ್ತವೆ. ಒಂದ್ಸಲ 'ಮಿಸ್' ಅನ್ನಿಸ್ಕೋಬೇಕು ನಾನು" ಎಂದು ಬೆಲ್ಟ್ ಬಿಗಿದುಕೊಳ್ಳುತ್ತಾ ಹೇಳಿದ್ದಳು.

"ಅನ್ನಿಸ್ಕೊಳ್ತೀಯ ಬುಡೇ" ಎಂದೆ. ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅವಳ ಬಲಗಾಲು ಅಂಥದ್ದು. ಸೊಂಟ ತಿರುಗಿಸಿ ಪಕ್ಕದಿಂದ ಬೀಸಿ ಒದೆಯುವ ಒದೆಯಲ್ಲಿ ನಮ್ಮ ಹಾಲ್‌ನ ಗಂಡಸರೂ ಅವಳ ಮುಂದೆ ಸಪ್ಪೆ. ಕಾಲೇನೋ ಸರಿ, ತೊಂದರೆ ಇದ್ದದ್ದು ಕೈಯಲ್ಲಿ. ಶಿವಭಕ್ತರ ಮನೆಯ ಹುಡುಗಿ. ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಜೊತೆಗೆ "ಶಿವಾ" ಅನ್ನುವುದೂ ಸೇರಿ, ಬೇರೆಯವರಿಗಿಂತ ಅವಳದು ಉದ್ದ.

ಮೊದಲು ಪೇಪರ್ ಹಿಡಿಸಿದೆ. ಹಳೆಯ ದಿನಪತ್ರಿಕೆಯನ್ನು ಮಡಚಿ ಎರಡೂ ಕಂಕುಳಲ್ಲಿ ಇಟ್ಟು, ಮುಷ್ಟಿ ಗಲ್ಲದ ಮಟ್ಟದಲ್ಲಿರಿಸಿ ಒದೆಯಬೇಕು. ಕೈ ಕೆಳಗೆ ಚಾಚಿದರೆ ಪೇಪರ್ ಬೀಳುತ್ತದೆ, ಬಿದ್ದರೆ ದಂಡ ಹೊಡೆಯಬೇಕು. ಅವಳು ದಂಡ ಹೊಡೆದು ಹೊಡೆದು ಭುಜ ಗಟ್ಟಿ ಮಾಡಿಕೊಂಡಳೇ ಹೊರತು ಕೈ ನಿಲ್ಲಲಿಲ್ಲ. ಆಮೇಲೆ ಹಳೆಯ ಹಳದಿ ಬೆಲ್ಟೊಂದನ್ನು ಅವಳ ಕತ್ತಿನ ಹಿಂದಿನಿಂದ ತಂದು ಎರಡು ತುದಿಗಳನ್ನೂ ಎರಡು ಮುಷ್ಟಿಯಲ್ಲಿ ಹಿಡಿಸಿದೆ. ಕೈ ಇಳಿದರೆ ಕತ್ತು ಬಗ್ಗುತ್ತದೆ, ಉರಿಯುತ್ತದೆ. ಕತ್ತಿನ ಸುತ್ತ ಕೆಂಪು ಬರೆ ಬಿತ್ತು. ಕೈ ಅರ್ಧ ದಾರಿಯಲ್ಲಿ ನಿಲ್ಲುವ ಹಾಗಾಯಿತು, ಆದರೆ ಈಗ ತಲೆ ಬಗ್ಗತೊಡಗಿತು. ಕೈ ಬಿಡಿಸಿದರೆ ತಲೆ, ತಲೆ ಬಿಡಿಸಿದರೆ ಕೈ. ಕರ್ಮಕಾಂಡ!

ಕೊನೆಗೆ ಉಳಿದದ್ದು ಮಾಸ್ಟರ್ ಹೇಳಿಕೊಟ್ಟ ಒಂದೇ ದಾರಿ. ಅವಳ ತಲೆಗೆ ರಕ್ಷಾಕವಚ ಕಟ್ಟಿ, ನನ್ನನ್ನು ಒದೆಯಲು ಹೇಳಿ, ಅವಳು ಬಗ್ಗಿದಾಗಲೆಲ್ಲ ನಾನು ತಲೆಗೆ ಒದೆಯತೊಡಗಿದೆ. ಮೊದಮೊದಲು ತಟ್ಟುತ್ತಿದ್ದೆ. ತಟ್ಟುವುದರಿಂದ ಏನೂ ಆಗುವುದಿಲ್ಲವೆಂದು ಗೊತ್ತಾದ ಮೇಲೆ ನಿಜವಾಗಿ ಒದ್ದೆ. ತುಟಿ ಸೀಳಿತು. ಶಾಲೆಯಲ್ಲಿ ಕೇಳಿದವರಿಗೆ ನಲ್ಲಿ ತಗುಲಿತು ಎಂದು ಹೇಳಿದಳಂತೆ. ನಾನು ಮೆತ್ತಗಾದರೆ ಎದುರಾಳಿ ಮೆತ್ತಗಾಗುತ್ತಾರೆಯೇ? ಅವಳೂ ಒಂದು ದಿನವೂ ಸಾಕು ಅನ್ನಲಿಲ್ಲ. ಪೆಟ್ಟು ತಿಂದು, ಎರಡು ಹೆಜ್ಜೆ ಹಿಂದೆ ಹೋಗಿ, ಬಗ್ಗಿ ವಂದಿಸಿ ಮತ್ತೆ ಬಂದು ನಿಲ್ಲುತ್ತಿದ್ದಳು.

ಬೇಸಿಗೆ ರಜೆಗೆ ಮುಂಚಿನ ಒಂದು ಸಂಜೆ ಅಳುತ್ತಾ ಬಂದಳು.

"ಏನಾಯ್ತೇ?"

"ಸ್ಕೂಲಲ್ಲಿ ಒಂದು ಮಗೂದು ಪುಸ್ತಕ ತುಳಿದ್ಬುಟ್ಟೆ ಅಕ್ಕ. ನನ್ ಕೈ ಹೋಗ್ಲೇ ಇಲ್ಲ. ಅಂಗೇ ನಿಂತಿದ್ದೆ. ಇನ್ನೊಬ್ಬ ಆಯಮ್ಮ ನೋಡ್ಬುಟ್ಟು, ಏನೇ ಕೊಬ್ಬು ನಿಂಗೆ, ಸರಸ್ವತೀನ ತುಳಿದು ಮರದಂಗೆ ನಿಂತಿದ್ದೀಯಲ್ಲ ಅಂತ ಎಲ್ಲಾರ್ ಮುಂದೇನೂ ಉಗಿದ್ಬುಟ್ಲು."

ನನಗೆ ಆದ ಖುಷಿ ಹೇಳತೀರದು. ಅವಳನ್ನು ತಬ್ಬಿಕೊಂಡು "ಗೆದ್ದೆ ಕಣೇ!" ಎಂದೆ. ಅವಳು ಅಳು ನಿಲ್ಲಿಸದೆ ನನ್ನ ಮುಖ ನೋಡಿದಳು. ನಾನು ನಗುತ್ತಿರುವುದು ಏಕೆಂದು ಅವಳಿಗೆ ತಿಳಿಯಲೇ ಇಲ್ಲ.

ಪರೀಕ್ಷೆ ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ. ಹಾಲ್‌ನ ಒಂದು ಬದಿಗೆ ಕುರ್ಚಿ ಹಾಕಿ ತಂದೆತಾಯಿಗಳನ್ನು ಕೂರಿಸಿದ್ದರು. ಮುಂದಿನ ಸಾಲಿನಲ್ಲಿ ಯಾದವಗಿರಿಯ ಹೆಡ್‌ಮಿಸ್. ಅವರನ್ನು ಕರೆದದ್ದು ಮಾಸ್ಟರೇ. ಅವರ ಶಾಲೆಯಲ್ಲಿ ಒಂದು ಬ್ಯಾಚ್ ಶುರುಮಾಡುವ ಆಸೆ ಮಾಸ್ಟರ್‌ಗೆ ಇತ್ತು. ಪಕ್ಕದ ಮೇಜಿನ ಮೇಲೆ ಹೊಸ ಬೆಲ್ಟುಗಳನ್ನು ಸುರುಳಿ ಸುತ್ತಿ ಜೋಡಿಸಿದ್ದರು.

ಹುಡುಗಿ ಪಟ್ಟುಗಳ ವರಸೆಯನ್ನು ಒಂದು ಹೆಜ್ಜೆ ತಪ್ಪದೆ ಮಾಡಿದಳು. ಮಂಗಳೂರು ಹೆಂಚುಗಳನ್ನು ಹಿಮ್ಮಡಿಯಿಂದ ಒಡೆದಳು. ಉಳಿದದ್ದು ಕೊನೆಯ ಪಂದ್ಯ. ನಮ್ಮ ಹಾಲ್‌ನಲ್ಲಿ ಕಪ್ಪು ಬೆಲ್ಟಿನ ಕೊನೆಯ ಪಂದ್ಯ ಯಾವಾಗಲೂ ಮಾಸ್ಟರ್ ಜೊತೆಗೇ. ಅವರು ತಲೆಗೆ ಕವಚ ಹಾಕುತ್ತಿರಲಿಲ್ಲ, ಹಾಕಬೇಕಾದ ಪ್ರಮೇಯವೂ ಬರುತ್ತಿರಲಿಲ್ಲ. ಏಕೆಂದರೆ ಅವರ ಎದೆಗಿಂತ ಮೇಲಕ್ಕೆ ಯಾರೂ ಕಾಲೆತ್ತುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ ನಿಯಮವಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ನಾನೂ ಅವಳ ಕಿವಿಯಲ್ಲಿ ಊದಿದ್ದೆ: "ಅವರ ಮುಖದ ತಂಟೆಗೆ ಹೋಗ್ಬೇಡ. ಎದೆಗೆ ನಾಕು ಒದಿ, ನಾಕು ತಿನ್ನು, ಬಗ್ಗು, ಬೆಲ್ಟ್ ತಗೋ."

ರೆಫರಿ ನಾನೇ. ಹುಡುಗಿಗೆ ನೀಲಿ ಎದೆಗವಚ ಕಟ್ಟಿ, ಶುರು ಎಂದು ಕೈ ಇಳಿಸಿದೆ.

ಮಾಸ್ಟರ್ ಅವಳನ್ನು ಆಟ ಆಡಿಸಿದರು. ಒದೆಯುವ ಹಾಗೆ ಮಾಡಿ ಒದೆಯದೆ, ಅವಳು ಹಿಂದೆ ಸರಿದಾಗ ತೊಡೆಗೆ ಕೊಟ್ಟು, ಕುರ್ಚಿಯವರ ಕಡೆ ನೋಡಿ ನಕ್ಕರು. ತೊಡೆಗೆ ಒದೆಯುವುದು ನಿಯಮಕ್ಕೆ ವಿರುದ್ಧ. ನಾನು ಎಚ್ಚರಿಕೆಯ ಕೈ ತೋರಿಸಿದರೆ ನನ್ನ ಕಡೆ ನೋಡಲೂ ಇಲ್ಲ. ಆಮೇಲೆ ಎರಡೂ ಕೈ ಕೆಳಗೆ ಬಿಟ್ಟು, ಮುಖ ಮುಂದೆ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಬಾ ಆಯಮ್ಮ, ಬಾ. ಮೂಗು ಒರೆಸು ಬಾ."

ಹಾಲ್ ನಕ್ಕಿತು. ಹೆಡ್‌ಮಿಸ್ ಕೂಡ ನಕ್ಕರು, ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು.

ಅವಳ ಬಲಗಾಲು ಎದ್ದದ್ದು ನನಗೇ ಕಾಣಲಿಲ್ಲ. ಪಾದದ ಮೇಲ್ಭಾಗ ಮಾಸ್ಟರ್ ಬಾಯಿಗೆ ಹೊಡೆದ ಸದ್ದು ಮಾತ್ರ ಕೇಳಿಸಿತು. ಮೇಲ್ತುಟಿ ಒಡೆದು ರಕ್ತ ಬಿಳಿ ಅಂಗಿಯ ಮೇಲೆ ಇಳಿಯಿತು. ಅವಳು ಕಾಲು ಹಿಂದೆ ತೆಗೆದುಕೊಂಡು ನಿಂತಳು. ಮುಷ್ಟಿ ಎರಡೂ ಗಲ್ಲದ ಮಟ್ಟದಲ್ಲೇ. ಕೈ ಅಲ್ಲಾಡಲಿಲ್ಲ, ತಲೆ ಬಗ್ಗಲಿಲ್ಲ. ಏನು ಹೇಳಲಿ, ನನ್ನ ಜೀವ ಹಿಗ್ಗಿಹೋಯಿತು.

ರಕ್ತ ಬಂದರೆ ಪಂದ್ಯ ತಡೆಯಬೇಕು. "ಕಾಲ್ಯೋ!" ಎಂದು ಕೊರಿಯನ್‌ನಲ್ಲಿ ತಡೆ ಕೂಗಿ ಇಬ್ಬರ ನಡುವೆ ಕೈ ಚಾಚಿದೆ. ಆ ಮಾತು ಬಿದ್ದ ಮೇಲೆ ರೆಫರಿ ಮತ್ತೆ ಹೇಳುವವರೆಗೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ.

ಮಾಸ್ಟರ್ ಹೆಬ್ಬೆರಳಿನಿಂದ ತುಟಿ ಒರೆಸಿಕೊಂಡು ಕುರ್ಚಿಗಳ ಕಡೆ ತಿರುಗಿದರು.

"ನೋಡಿದ್ರಾ? ಗುರು ಮುಖಕ್ಕೆ ಕಾಲು ತಗುಲಿದೆ. ಒಂದು ನಮಸ್ಕಾರ ಇಲ್ಲ. ಹಾದೀಲಿ ನಾಯಿಗೆ ತಗುಲಿದ್ರೂ ಅಯ್ಯೋ ಅಂತೀವಿ ಕಣ್ರೀ. ಇವಳು ಕಂಬದ ಥರ ನಿಂತಿದ್ದಾಳೆ. ನಮ್ಮ ಹಾಲ್‌ನಲ್ಲಿ ಗೌರವ ಮೊದಲು, ಒದೆ ಆಮೇಲೆ. ಇಂಥವಳ ಕೈಗೆ ಮಕ್ಕಳನ್ನ ಕೊಡ್ತೀರಾ ಮೇಡಂ?"

ಹೆಡ್‌ಮಿಸ್ ತಲೆ ಅಡ್ಡಡ್ಡ ಆಡಿಸಿದರು. ಈಗ ಅವರು ನಗುತ್ತಿರಲಿಲ್ಲ.

ನನ್ನ ಮೈಯೆಲ್ಲ ಉರಿದುಹೋಯಿತು. ಆ ನಮಸ್ಕಾರ ಬಿಡಿಸಿ ಎಂದು ನನಗೆ ಹೇಳಿದವರು ಯಾರು? ಬಗ್ಗಿದವಳ ತಲೆಗೆ ಒದೆಯಿರಿ, ಆಗಲೇ ಬುದ್ಧಿ ಬರುವುದು ಎಂದವರು ಯಾರು? "ಸಾರ್, ಪಂದ್ಯ ಇನ್ನೂ ಮುಗಿದಿಲ್ಲ. ಗಾರ್ಡ್ ಇಳಿಸಬಾರದು ಅಂತ ನಾವೇ..." ಎಂದೆ.

"ನೀವು ರೆಫರಿ. ರೆಫರಿ ಥರ ಇರಿ."

ಹುಡುಗಿ ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಿದೆ, ಎಲ್ಲರಿಗೂ ಕಾಣುವ ಹಾಗೆ. ಅವಳು ಹೆಡ್‌ಮಿಸ್ ಕಡೆ ನೋಡಿದಳು. ಆಮೇಲೆ ಮಾಸ್ಟರ್ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ನಿಧಾನವಾಗಿ ಮುಷ್ಟಿ ಬಿಚ್ಚಿ, ಮುಂದೆ ಬಂದು, ಅವರ ಪಾದ ಮುಟ್ಟಲು ಬಗ್ಗಿದಳು.

ಮಾಸ್ಟರ್ ಕಾಲು ನೇರವಾಗಿ ತಲೆಗಿಂತ ಮೇಲೆ ಹೋಯಿತು. ಮೇಲಿನಿಂದ ಹಿಮ್ಮಡಿಯನ್ನು ಕೆಳಗಿಳಿಸುವ ಆ ಒದೆಯನ್ನು ನಾವು ಹೆಂಚು ಒಡೆಯಲು ಬಳಸುತ್ತೇವೆ. ಅದು ಅವಳ ಎಡಭುಜಕ್ಕೂ ಕತ್ತಿಗೂ ನಡುವೆ ಬಿತ್ತು. ಮೂಳೆ ಮುರಿದದ್ದು ಹಿಂದಿನ ಸಾಲಿಗೂ ಕೇಳಿಸಿರಬೇಕು. ಅವಳು ಅವರ ಪಾದದ ಮೇಲೇ ಮುಖ ಅಡಿಯಾಗಿ ಬಿದ್ದಳು. ಅಷ್ಟಾದರೂ ನೋವು ಅನ್ನಲಿಲ್ಲ, ನಿಯಮವಲ್ಲವೇ.

"ಗಾರ್ಡ್ ಯಾವತ್ತೂ ಬಿಡಬಾರದು. ಗುರು ಮುಂದೇನೂ ಬಿಡಬಾರದು. ಇವತ್ತಿಗೆ ಪಾಠ ಪೂರ್ತಿ ಆಯ್ತು" ಎಂದು ಮಾಸ್ಟರ್ ನಗುತ್ತಾ ಮೇಜಿನ ಕಡೆ ಹೊರಟರು. ಕುರ್ಚಿಗಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು! ಇದೂ ಪ್ರದರ್ಶನದ ಒಂದು ಭಾಗ ಎಂದುಕೊಂಡರೋ ಏನೋ, ದೇವರೇ ಬಲ್ಲ.

ನನಗೆ ಯೋಚನೆ ಮಾಡುವಷ್ಟು ತಾಳ್ಮೆ ಉಳಿದಿರಲಿಲ್ಲ. ತಡೆದ ಪಂದ್ಯದಲ್ಲಿ ಒದ್ದದ್ದು, ಅದೂ ಬಗ್ಗಿದವಳನ್ನು ಒದ್ದದ್ದು. ಇದಕ್ಕೆ ಪಂದ್ಯದಿಂದ ವಜಾ ಮಾಡುವುದೊಂದೇ ಶಿಕ್ಷೆ. ಮಾಸ್ಟರನ್ನು ಕರೆದೆ. "ಸಾರ್, ನಿಮ್ಮ ಗುರುತಿನ ಮೇಲೆ ಬಂದು ನಿಂತ್ಕೊಳ್ಳಿ." ಅವರು ತಿರುಗಿ ನೋಡಿದರು. ನಾನು ಬೆರಳು ಅವರ ಎದೆಗೆ ನೇರ ತೋರಿಸಿ, ತಪ್ಪನ್ನು ಜೋರಾಗಿ ಹೇಳಿ, ಅವರನ್ನು ವಜಾ ಮಾಡಿದೆ. ಆಮೇಲೆ ನೆಲದ ಮೇಲೆ ಬಿದ್ದಿದ್ದವಳ ಕಡೆಗಿನ ಕೈಯನ್ನು ಮೇಲೆತ್ತಿ "ಗೆಲುವು ನೀಲಿ ಕವಚದವರದು" ಎಂದೆ. ನನ್ನ ದನಿ ನಡುಗಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ಹೆಮ್ಮೆಯಿದೆ, ಯಾರು ಏನೇ ಅನ್ನಲಿ.

ಮಾಸ್ಟರ್ ಮೇಜಿನ ಮೇಲಿಂದ ಎತ್ತಿಕೊಂಡಿದ್ದ ಬೆಲ್ಟನ್ನು ಅಲ್ಲೇ ಇಟ್ಟರು. "ಪರೀಕ್ಷೆ ಮುಗೀತು. ಎಲ್ಲಾರೂ ಕಾಫಿ ತಗೊಳ್ಳಿ" ಎಂದು ಒಳಗೆ ಹೋದರು. ಹೆಡ್‌ಮಿಸ್ ಕಾಫಿ ಕುಡಿಯದೆ ಎದ್ದರು. ನಮ್ಮ ಮುಂದೆಯೇ ಹಾದು ಹೋದರೂ ಅವಳಿಗೆ ಏನಾಯಿತೆಂದು ಕೇಳಲಿಲ್ಲ.

ಆಟೋದಲ್ಲಿ ಅವಳನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೊರಳೆಲುಬು ಮುರಿದಿತ್ತು. ಡಾಕ್ಟರು ಭುಜಗಳನ್ನು ಹಿಂದಕ್ಕೆಳೆದು ಬಿಗಿದು ಕಟ್ಟಿ, ಕೈಯನ್ನು ಜೋಳಿಗೆಯಲ್ಲಿ ಹಾಕಿ, ಬೆಂಚಿನ ಮೇಲೆ ಕಾಯಲು ಹೇಳಿದರು. ನಾನು ಮಾಸ್ಟರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಪೊಲೀಸ್ ಕಂಪ್ಲೇಂಟ್ ಕೊಡೋಣ, ಚಪ್ಪಾಳೆ ತಟ್ಟಿದವರನ್ನೇ ಸಾಕ್ಷಿಗೆ ಎಳೆಯೋಣ ಎಂದೆಲ್ಲ. ಅವಳು ಗೋಡೆ ನೋಡುತ್ತಾ ಕೂತಿದ್ದಳು.

"ಅಕ್ಕ, ಯಾಕೆ ಕೈ ಎತ್ಬುಟ್ರಿ?"

"ಅಂದ್ರೆ? ನೀನೇ ಗೆದ್ದಿದ್ದು ಕಣೇ."

"ಅವ್ರು ಬೆಲ್ಟ್ ತರಕ್ಕೇ ಹೋಗ್ತಿದ್ದದ್ದು. ನೋಡ್ಲಿಲ್ವಾ ನೀವು?"

ಮಾಸ್ಟರ್ ಮೇಜಿನ ಮೇಲಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ ಬೆಲ್ಟ್ ನನಗೆ ಆಗ ನೆನಪಾಯಿತು.

"ಒದೀತಾರೆ ಅಂತ ಗೊತ್ತಿತ್ತು ನಂಗೆ. ಅವ್ರ್ ಕಣ್ ನೋಡ್ದಾಗ್ಲೇ ಗೊತ್ತಾಯ್ತು. ಅದಕ್ಕೇ ಬಗ್ಗಿದ್ದು. ಅಷ್ಟ್ ಜನದ ಮುಂದೆ ಬಾಯಲ್ಲಿ ರಕ್ತ ಬಂದದೆ, ಒಂದ್ ಒದ್ದು ಸಮಾಧಾನ ಆಗ್ಲಿ ಅಂತ. ಮೂಳೆ ತಾನೆ, ಕೂಡ್ಕೊಳ್ತದೆ. ಜೂನ್ ಮತ್ತೆ ಬರಲ್ಲ."

"ಹುಚ್ಚಿ! ಅಂಥವನ ಕೈಯಿಂದ ಬೆಲ್ಟ್ ತಗೊಂಡು..."

"ನಿಮ್ಗೇನಕ್ಕ, ನಿಮ್ಮತ್ರ ಐತೆ" ಎಂದಳು. ನನ್ನ ಸೊಂಟದಲ್ಲಿದ್ದ ಕಪ್ಪು ಬೆಲ್ಟನ್ನು ನೋಡಿ ಹೇಳಿದಳು. ಅದನ್ನು ಕೊಟ್ಟವರೂ ಅವರೇ.

ಬಸ್‌ಸ್ಟಾಪಿನವರೆಗೆ ನಾನು ಬರುತ್ತೇನೆಂದರೂ ಬೇಡವೆಂದಳು.

ಅದಾಗಿ ಎರಡು ವಾರಕ್ಕೆ ಹಾಲ್‌ನಿಂದ ಫೋನ್ ಬಂತು. ನಿಮ್ಮ ಎದೆಗವಚಗಳು ಇಲ್ಲಿವೆ, ಸಂಜೆ ಕ್ಲಾಸಿನ ಹೊತ್ತಿಗೇ ಬಂದು ತೆಗೆದುಕೊಂಡು ಹೋಗಿ ಎಂದು ಮಾಸ್ಟರ್ ಹೇಳಿದರು. ಅದೇ ಹೊತ್ತಿಗೆ ಏಕೆಂದು ನನಗೆ ಗೊತ್ತಿತ್ತು. ಹಾಲ್‌ನಿಂದ ತೆಗೆದುಹಾಕಿದವರು ಬಂದರೆ ಇಡೀ ಸಾಲು ಅವರಿಗೆ ಬೆನ್ನು ಮಾಡಿ ನಿಲ್ಲಬೇಕು. ಅದೂ ಅವರ ಕೊರಿಯಾದ ನಿಯಮಗಳಲ್ಲೊಂದು. ಹೆದರಿ ಹೋಗಲಿಲ್ಲ ಎನ್ನಿಸಿಕೊಳ್ಳಬಾರದೆಂದು ಹೋದೆ.

ಮೆಟ್ಟಿಲು ಹತ್ತಿ ಬಾವುಟದ ಪಕ್ಕದ ಬಾಗಿಲಲ್ಲಿ ನಿಂತರೆ ನನ್ನ ಬ್ಯಾಚು ಎದುರಿಗೇ ಸಾಲಾಗಿ ನಿಂತಿತ್ತು. ಮಾಸ್ಟರ್ ಕುರ್ಚಿಯಲ್ಲಿ ಕೂತಿದ್ದರು, ತುಟಿಯ ಮೇಲೆ ಹೊಲಿಗೆಯ ಗುರುತು. ಮೊದಲ ಸಾಲಿನ ಬಲತುದಿ ಹಿರಿಯರ ಜಾಗ, ಆಜ್ಞೆ ಕೊಡುವವರ ಜಾಗ. ನಾನು ನಿಲ್ಲುತ್ತಿದ್ದ ಜಾಗ. ಅಲ್ಲಿ ಹಿನಕಲ್‌ನ ಹುಡುಗಿ ನಿಂತಿದ್ದಳು. ಎಡಗೈ ಇನ್ನೂ ಜೋಳಿಗೆಯಲ್ಲಿತ್ತು. ಸೊಂಟದಲ್ಲಿ ಹೊಸ ಕಪ್ಪು ಬೆಲ್ಟ್. ಆ ಗಂಟು ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುವುದಿಲ್ಲ, ಯಾರೋ ಕಟ್ಟಿದ್ದರು.

"ಹೂಂ, ಹೇಳಿ" ಎಂದರು ಮಾಸ್ಟರ್ ಅವಳಿಗೆ. ಬೆಲ್ಟಿಗೆ ಅವರು ಕೇಳಿದ ಬೆಲೆ ಏನೆಂದು ನನಗೆ ಆಗ ತಿಳಿಯಿತು.

ಅವಳು ನನ್ನನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ನಾಚಿಕೆಯಾಗಲಿ ಅಳುವಾಗಲಿ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಹಿಂದಕ್ಕೆ... ತಿರುಗಿ!" ದನಿ ಗಟ್ಟಿಯಾಗಿತ್ತು, ಒಂದಿಷ್ಟೂ ಒಡೆಯಲಿಲ್ಲ.

ಎಲ್ಲ ಹೆಂಗಸರೂ ಒಟ್ಟಿಗೆ ತಿರುಗಿದರು. ಹೋದ ವಾರವಷ್ಟೇ ಸೇರಿದ್ದವರಂತೆ ಕಾಣುತ್ತಿದ್ದ ಒಬ್ಬರು ಮಾತ್ರ, ನಾನು ಯಾರೆಂದು ತಿಳಿಯದೆ, ನನ್ನ ಕಡೆ ನೋಡಿ ನಗುತ್ತಾ ನಿಂತಿದ್ದರು. ಹುಡುಗಿ ಸಾಲಿನಿಂದ ಹೊರಬಂದು ಅವರ ಮೊಣಕಾಲಿನ ಹಿಂಬದಿಗೆ ಒಂದು ಒದ್ದಳು. ಹೆಂಗಸು ಅಯ್ಯೋ ಎಂದು ಕುಸಿದು, ಹೇಗೋ ಎದ್ದು, ಬೆನ್ನು ತಿರುಗಿಸಿದರು. ಹುಡುಗಿ ತನ್ನ ಜಾಗಕ್ಕೆ ವಾಪಸ್ ನಡೆದು, ಪಾದ ಜೋಡಿಸಿ, ತಾನೂ ತಿರುಗಿ ನಿಂತಳು.